ಕೊನೆಯ ಔಷಧಿ, ಕಿಡ್ನಿಯ ಬೆಲೆ

ಕಿಡ್ನಿಗೆ ಹಾನಿ ಮಾಡುತ್ತೆ ಅಂತ 1970ರ ದಶಕದಲ್ಲೇ ವೈದ್ಯರು ಹೆಚ್ಚುಕಮ್ಮಿ ಕೈಬಿಟ್ಟಿದ್ದ ಆಂಟಿಬಯೋಟಿಕ್ ಕೊಲಿಸ್ಟಿನ್. ಇವತ್ತು ನಮ್ಮ ಐಸಿಯುಗಳಲ್ಲಿ ಅದು ಕೊನೆಯ ಅಸ್ತ್ರಗಳಲ್ಲೊಂದು. ಯಾಕೆಂದರೆ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಕಾರ್ಬಪೆನೆಮ್‌ಗೂ ಬಗ್ಗುತ್ತಿಲ್ಲ. ಕೊಡದಿದ್ದರೆ ಜೀವ ಹೋಗುತ್ತೆ, ಕೊಟ್ಟರೆ ಕಿಡ್ನಿ ಹೋಗಬಹುದು.

ಇದನ್ನು ವೈದ್ಯರ ತಲೆಗೆ ಕಟ್ಟೋದನ್ನು ನಾನು ಒಪ್ಪಲ್ಲ. ಇದು ನೀತಿಯ ಸೋಲು. ಕೋಳಿ ಬೇಗ ದಪ್ಪವಾಗಲಿ ಅಂತ ಇದೇ ಕೊಲಿಸ್ಟಿನ್ನನ್ನು ಮೇವಿಗೆ ಬೆರೆಸುತ್ತಿದ್ದರು. ಕೇಂದ್ರ ಅದನ್ನು ನಿಷೇಧಿಸಿದ್ದು 2019ರಲ್ಲಿ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರಬಾರದು ಅನ್ನೋ ನಿಯಮವೂ ಇದೆ. ಆದರೂ ಎಷ್ಟೋ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದರೆ ಸಾಕು, ಸಿಗುತ್ತೆ.

ಹೀಗೆ ಎಲ್ಲರೂ ಸೇರಿ ಬೆಳೆಸಿದ ಬ್ಯಾಕ್ಟೀರಿಯಾಗೆ ಡಯಾಲಿಸಿಸ್ ಬಿಲ್ ಕಟ್ಟೋದು ಮಾತ್ರ ರೋಗಿಯ ಮನೆಯವರು. ಹೊಸ ಕಾನೂನು ಆಮೇಲೆ ನೋಡೋಣ. ಇರೋದನ್ನು ಮೊದಲು ಜಾರಿ ಮಾಡಿ ಅಂತ ಸರ್ಕಾರವನ್ನು ಕೇಳಬೇಕು.