‘ಎರಡು ದಿನ ನೋಡಿ’ ಎನ್ನುವುದು ನಿಲ್ಲಲಿ



ಹದಿನೆಂಟು ತುಂಬದ ಮಗು ಕಾಣೆಯಾಗಿದೆ ಎಂಬ ದೂರು ಬಂದ ಕೂಡಲೇ ಪೊಲೀಸರು ಎಫ್‌ಐಆರ್ ದಾಖಲಿಸಬೇಕು. ಬಚ್‌ಪನ್ ಬಚಾವೊ ಆಂದೋಲನ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಕೊಟ್ಟ ಆದೇಶ ಇದು. ಬೇರೆ ಕಾರಣ ಸಾಬೀತಾಗುವವರೆಗೂ ಅಪಹರಣ ಇಲ್ಲವೇ ಕಳ್ಳಸಾಗಣೆ ಎಂದೇ ಹಿಡಿದು ಹುಡುಕಬೇಕು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು.

ಹಳ್ಳಿಗಳಲ್ಲಿ ಮಗಳು ಕಾಣದೆ ಕಂಗಾಲಾದ ತಾಯಿಗೆ ಇಂದಿಗೂ ಕೇಳಿಬರುವ ಮಾತೇ ಬೇರೆ: ‘ನೆಂಟರ ಮನೆಗೆ ಹೋಗಿರ್ತಾಳೆ, ಎರಡು ದಿನ ನೋಡಿ.’ ಹುಡುಗಿ ಹದಿನೈದು ದಾಟಿದವಳಾದರೆ ‘ಯಾರ ಜೊತೆಗೋ ಓಡಿಹೋಗಿದ್ದಾಳೆ’ ಎಂದು ಷರಾ ಬರೆದೇ ಬಿಡುತ್ತಾರೆ. ಆದರೆ ಹದಿನೆಂಟು ತುಂಬದವಳ ಒಪ್ಪಿಗೆಗೆ ಅಪಹರಣದ ಕಾನೂನಿನಲ್ಲಿ ಬೆಲೆಯೇ ಇಲ್ಲ. ನಮ್ಮ ಕಡೆ ದಾರಿಗಳೂ ಹಲವು: ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿ ರಸ್ತೆ ಹಾದಿದೆ, ಕೆ.ಆರ್. ನಗರದಲ್ಲಿ ರೈಲು ನಿಲ್ಲುತ್ತದೆ, ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ಕೇರಳ. ಎರಡು ದಿನದಲ್ಲಿ ಮಗುವನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು.

ಮಕ್ಕಳು ಕಣ್ಮರೆಯಾಗುವುದಕ್ಕೆ ಈ ಭಾಗದಲ್ಲಿ ಕೆಲಸದ ಹಂಗಾಮೂ ದಾರಿ ಮಾಡಿಕೊಡುತ್ತದೆ. ಮಳೆಗಾಲದಲ್ಲಿ ಹೊಗೆಸೊಪ್ಪಿನ ಕೊಯ್ಲು. ಎಲೆ ಒಣಗಿಸುವ ಬ್ಯಾರನ್ ಮುಂದೆ ಕುಳಿತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವ ಮಗುವಿನ ಬೆರಳಿಗೆ ಅಂಟು ಹಿಡಿದು ಕಪ್ಪಾಗುತ್ತದೆ. ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ತಲೆಸುತ್ತು, ವಾಂತಿ ಬರಿಸುತ್ತದೆ. ಹೊಗೆಸೊಪ್ಪು ಮುಗಿಯುತ್ತಿದ್ದಂತೆ ಕೊಡಗಿನ ಕಾಫಿ ಕೊಯ್ಲು. ಬೆಳಗಿನ ಜಾವ ಕೂಲಿಗೆ ಜನ ಒಯ್ಯುವ ಮೇಸ್ತ್ರಿಯ ಜೀಪು ಆದಿವಾಸಿಗಳ ಹಾಡಿಗೆ ಬರುತ್ತದೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಹತ್ತುತ್ತಾರೆ. ಯಾರು ಹೋದರು, ಎಷ್ಟು ಮಕ್ಕಳು, ಯಾವ ಎಸ್ಟೇಟು ಎಂದು ಬರೆದಿಟ್ಟುಕೊಳ್ಳುವವರಿಲ್ಲ. ಹಿಂದಿರುಗುವಾಗ ಒಂದು ತಲೆ ಕಡಿಮೆಯಾಗಿದ್ದರೂ ಗೊತ್ತಾಗುವುದು ಹೆತ್ತವರಿಗೆ ಮಾತ್ರ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಗು ಬರಿಯ ‘ಗೈರು’.

ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಮೈಸೂರಿನ ‘ಒಡನಾಡಿ’ ಸಂಸ್ಥೆ ಮೂರು ದಶಕಗಳಿಂದ ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಆಸರೆ ಕೊಡುತ್ತಿದೆ. ಇಂಥ ಸಂಸ್ಥೆಗಳ ಋಣ ದೊಡ್ಡದು. ಆದರೆ ಎಫ್‌ಐಆರ್ ಬರೆಯುವ, ಗಡಿಯಲ್ಲಿ ವಾಹನ ತಡೆಯುವ ಅಧಿಕಾರ ಸಂಸ್ಥೆಗಿಲ್ಲ. ಠಾಣೆ ಕಳೆದುಕೊಂಡ ಮೊದಲ ಇಪ್ಪತ್ನಾಲ್ಕು ಗಂಟೆಯನ್ನು ಯಾವ ಸಂಸ್ಥೆಯೂ ತಂದುಕೊಡಲಾರದು. ‘ಹುಡುಕಲು ಅವರಿದ್ದಾರಲ್ಲ’ ಎಂದು ಸರ್ಕಾರ ಕೈಕಟ್ಟಿ ಕುಳಿತರೆ ಅದು ಕರ್ತವ್ಯಲೋಪವೇ.

1996ರಲ್ಲಿ ಮುಂಬಯಿಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ 1098 ಬಹುಕಾಲ ನಡೆದದ್ದು ಸಂಸ್ಥೆಗಳ ಕಾರ್ಯಕರ್ತರ ಓಡಾಟದ ಬಲದಿಂದ. 2023ರಲ್ಲಿ ಸರ್ಕಾರ ಅದನ್ನು ತಾನೇ ವಹಿಸಿಕೊಂಡು ತುರ್ತು ಸಂಖ್ಯೆ 112ಕ್ಕೆ ಜೋಡಿಸಿತು. ವಹಿಸಿಕೊಂಡದ್ದು ತಪ್ಪಲ್ಲ. ಆದರೆ ಜಿಲ್ಲಾ ಕೇಂದ್ರದಲ್ಲಿ ಕುಳಿತ ಸಿಬ್ಬಂದಿ ಗಡಿಯ ಡಿ.ಬಿ. ಕುಪ್ಪೆಯ ಹಾಡಿ ಮುಟ್ಟುವ ಹೊತ್ತಿಗೆ ಅರ್ಧ ದಿನ ಸರಿದಿರುತ್ತದೆ. ಕತ್ತಲಾದರೆ ನಾಗರಹೊಳೆ ಕಾಡಿನ ರಸ್ತೆಯ ಗೇಟೂ ಮುಚ್ಚುತ್ತದೆ. ಸಹಾಯವಾಣಿಗೆ ಪ್ರತಿ ತಾಲ್ಲೂಕಿನಲ್ಲೂ ಓಡಾಡುವ ಜನ ಬೇಕು, ಹಾಡಿಯ ಮಾತು ಬಲ್ಲವರೇ ಆಗಿರಬೇಕು.

ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅವರ ಹೆಸರು, ಫೋನ್ ನಂಬರು ಅಂಗನವಾಡಿಯ, ಆಶ್ರಮ ಶಾಲೆಯ ಗೋಡೆಯ ಮೇಲೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ಕೊಯ್ಲಿಗೆ ಜನ ಒಯ್ಯುವ ಮೇಸ್ತ್ರಿಗಳು ಮಕ್ಕಳ ಹೆಸರು ಸಮೇತ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟೇ ಹೊರಡಬೇಕು. ಆ ಪಟ್ಟಿಯನ್ನು ಶಾಲೆಯ ಹಾಜರಿಯ ಜೊತೆ ಮಕ್ಕಳ ಗ್ರಾಮಸಭೆಯಲ್ಲಿ ಓದಿ, ಕಾಣದ ಹೆಸರಿಗೆ ಅಂದೇ ಠಾಣೆಗೆ ದೂರು ಕೊಡಬೇಕು. ಈ ಸಲದ ಕಾಫಿ ಕೊಯ್ಲಿಗೆ ಜೀಪುಗಳು ಹೊರಡುವ ಮುಂಚೆಯೇ ಇದಕ್ಕೆ ಜಿಲ್ಲಾಡಳಿತ ಆದೇಶ ಹೊರಡಿಸಬೇಕು.

ಓದುಗರು, ಹುಣಸೂರು