ಕೊಡೈಕಾನಲ್ ಘಾಟಿಯೂ ವಿದ್ಯುತ್ ಕಾರಿನ ತಂಪೂ

ಕೊಡೈಕಾನಲ್‌ಗೆ ಹೋಗುವ ವಾಹನಗಳಿಗೆ ಮದ್ರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸು ಕಡ್ಡಾಯವಾಯಿತು. 2025ರ ಬೇಸಿಗೆಗೆ ಸಂಖ್ಯೆಯ ಮಿತಿಯೂ ಬಂತು: ವಾರದ ದಿನಗಳಲ್ಲಿ 4,000, ವಾರಾಂತ್ಯದಲ್ಲಿ 6,000. ಬೆಟ್ಟಕ್ಕೆ ವಾಹನದ ಭಾರ ಹೆಚ್ಚಾಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೊಗೆಯಿಲ್ಲದ ವಿದ್ಯುತ್ ಕಾರಿನಲ್ಲೇ ಹೋಗೋಣವೆನ್ನುವವರು ನಮ್ಮಲ್ಲೂ ಇದ್ದಾರೆ. ಒಳ್ಳೆಯದೇ. ಆದರೆ ತೇನಿ, ದಿಂಡಿಗಲ್‌ಗಳ ಏಪ್ರಿಲ್ ಬಿಸಿಲಿನಲ್ಲಿ ಮಕ್ಕಳು ಮುದುಕರೊಡನೆ ಎ.ಸಿ. ಇಲ್ಲದೆ ಸಾಗುವುದು ಹೇಗೆ? ಎ.ಸಿ. ಹಾಕಿದರೆ ಬ್ಯಾಟರಿ ಬೆಟ್ಟದ ತುದಿ ಮುಟ್ಟೀತೆ?

ಇದಕ್ಕೆ ಪರಿಹಾರವೆಂದು ಕೆಲವರು ಪೆಲ್ಟಿಯರ್ ತಂಪನ್ನು ಹೇಳುತ್ತಾರೆ. ಎರಡು ಬಗೆಯ ವಾಹಕಗಳ ಸಂಧಿಯಲ್ಲಿ ವಿದ್ಯುತ್ ಹರಿಸಿದರೆ ಒಂದು ಕಡೆ ತಣ್ಣಗಾಗಿ ಇನ್ನೊಂದು ಕಡೆ ಬಿಸಿಯಾಗುತ್ತದೆಂದು ಫ್ರಾನ್ಸಿನ ಪೆಲ್ಟಿಯರ್ 1834ರಲ್ಲೇ ಕಂಡಿದ್ದ. ಕಂಪ್ರೆಸರ್ ಇಲ್ಲ, ಸದ್ದಿಲ್ಲ, ಸೋರಿ ಹೋಗುವ ಅನಿಲವೂ ಇಲ್ಲ. ಕಾರುಗಳ ಎ.ಸಿ.ಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆರ್-134ಎ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಭೂಮಿಯನ್ನು ಕಾಯಿಸಬಲ್ಲದು. ಇಷ್ಟು ಕೇಳಿದರೆ ಆಸೆ ಹುಟ್ಟುವುದು ಸಹಜ.

ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. ಕಾರಿನೊಳಗಿಂದ 2 ಕಿಲೋವಾಟ್ ಶಾಖ ಹೊರಹಾಕಬೇಕೆನ್ನಿ. ಸಾಧಾರಣ ಕಂಪ್ರೆಸರ್ ಎ.ಸಿ. ಅದಕ್ಕೆ ಒಂದು ಕಿಲೋವಾಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಮುಗಿಸೀತು. ಪೆಲ್ಟಿಯರ್ ಸಾಧನಕ್ಕೆ ಅಂಥ ಸೆಕೆಯಲ್ಲಿ ಮೂರರಷ್ಟಾದರೂ ಬೇಕು. ಮೂರು ಗಂಟೆಯ ಪಯಣಕ್ಕೆ 9 ಯೂನಿಟ್! ಸಣ್ಣ ಕಾರಿನ ಬ್ಯಾಟರಿ 25 ಯೂನಿಟ್ಟಿನದಾದರೆ ಮೂರನೆಯ ಒಂದು ಪಾಲು ತಂಪಿಗೇ ಹೋಯಿತು. ಇನ್ನು ಏರು. ಬಟ್ಲಗುಂಡಿನ ಬಯಲಿನಿಂದ ಕೊಡೈಕಾನಲ್ ಸುಮಾರು 1,700 ಮೀಟರ್ ಮೇಲಿದೆ. ಒಂದೂವರೆ ಟನ್ ತೂಕವನ್ನು ಅಷ್ಟೆತ್ತರಕ್ಕೆ ಎತ್ತಲು, ರಸ್ತೆಯ ಘರ್ಷಣೆ ಬಿಟ್ಟು, 7 ಯೂನಿಟ್ ಬೇಕು. ನಮ್ಮ ಒಂಬತ್ತನೆಯ ತರಗತಿಯ ಹುಡುಗರೂ ಹಾಕಬಹುದಾದ ಲೆಕ್ಕವಿದು. ಇಳಿಯುವಾಗ ಒಂದಷ್ಟು ಮರಳಿ ಬ್ಯಾಟರಿಗೆ ಸೇರುತ್ತದೆ, ನಿಜ. ಏರುವಾಗ ಅದು ಒದಗದು.

ಹಾಗೆಂದು ಈ ವಿದ್ಯೆ ನಿರುಪಯೋಗಿಯೆ? ಅಲ್ಲ. ಬೆಂಗಳೂರಿನ ಮೈನಿ ಬಳಗ 1994ರಲ್ಲಿ ಅಮೆರಿಕದ ಅಮೆರಿಗಾನ್ ಸಂಸ್ಥೆಯೊಡನೆ ಕೂಡಿ ರೇವಾ ವಿದ್ಯುತ್ ಕಾರಿನ ಕಂಪೆನಿ ಕಟ್ಟಿತು. 2001ರಲ್ಲಿ ಕಾರು ಬೀದಿಗಿಳಿಯಿತು. ಅದೇ ಅಮೆರಿಗಾನ್ ಮುಂದೆ ಹೆಸರಾದುದು ಪೆಲ್ಟಿಯರ್ ತುಣುಕುಗಳನ್ನು ಆಸನದಲ್ಲಿ ಅಡಗಿಸಿ, ಕುಳಿತವರ ಬೆನ್ನಿಗೆ ತಂಪು ಕೊಡುವ ಕೌಶಲದಿಂದ. ಇಡೀ ಕಾರನ್ನು ತಣಿಸುವ ಬದಲು ಮನುಷ್ಯನನ್ನಷ್ಟೇ ತಣಿಸಿದರೆ ಸಾವಿರಾರು ವಾಟ್ ಬೇಕಿಲ್ಲ, ಆಸನಕ್ಕೆ ಕೆಲವು ಹತ್ತುಗಳು ಸಾಕು. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಅದೇ ಆಸನ ಬೆಚ್ಚಗಾಗುತ್ತದೆ. ಕೆಳಗೆ ಬೇಗೆ, ಮೇಲೆ ಚಳಿಯಿರುವ ಊರಿಗೆ ಇದಕ್ಕಿಂತ ಹೊಂದುವುದು ಬೇರೊಂದಿಲ್ಲ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. ಅಲ್ಲಿನವರಾರಾದರೂ ಬಾಡಿಗೆಗೆ ವಿದ್ಯುತ್ ಕಾರು ಕೊಳ್ಳುವುದಾದರೆ ಮಾರುವವನ ಮಾತಿಗೆ ಮುಂಚೆ ಈ ಅಂಕಿಗಳನ್ನು ನೋಡಲಿ. ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸುವ ಪುಟ್ಟ ಪೆಲ್ಟಿಯರ್ ಪೆಟ್ಟಿಗೆ ನೀರಿನ ಬಾಟಲಿ ತಂಪಾಗಿಸೀತು, ಕಾರನ್ನಲ್ಲ.

ಸದ್ಯಕ್ಕೆ ಉಪಾಯವೊಂದಿದೆ. ಘಾಟಿಯ ಬುಡದಲ್ಲಿ ಚಾರ್ಜಿಗೆ ಹಾಕಿರುವಾಗಲೇ ಎ.ಸಿ. ನಡೆಸಿ ಕಾರನ್ನು ತಣಿಸಿಕೊಳ್ಳುವುದು, ಅರ್ಧ ಬೆಟ್ಟ ಹತ್ತಿದ ಮೇಲೆ ಎ.ಸಿ. ಆರಿಸಿ ಕಿಟಕಿ ಇಳಿಸುವುದು.