ಮೆಣಸಿನಕಾಯಿಯೂ ಸೂರ್ಯರಶ್ಮಿಯೂ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಏಲಕ್ಕಿ ಹಾರದ ಊರಾದ ಹಾವೇರಿಯು ಮೊದಲು ಸಿಕ್ಕುವುದು, ತರುವಾಯ ಬ್ಯಾಡಗಿ, ಅದರ ತರುವಾಯ ರಾಣೆಬೆನ್ನೂರು. ಸುಗ್ಗಿಯ ದಿನಗಳಾದರೆ ನಡುವಣ ಊರಿನ ಹೆಸರನ್ನು ಫಲಕದ ಮೇಲೆ ಓದುವ ಅವಶ್ಯವಿಲ್ಲ. ಗಾಳಿಯಲ್ಲಿ ಘಾಟು ಬೆರೆತು, ಗಾಡಿಯೊಳಗಿನವರು ಒಬ್ಬರಾದ ಮೇಲೊಬ್ಬರು ಸೀನತೊಡಗಿದರೆ ಬ್ಯಾಡಗಿ ಬಂದಿತೆಂದೇ ತಿಳಿಯಬೇಕು. ಈ ತಿಂಗಳು ವಾಚಕರನ್ನು ಆ ಊರಿನಲ್ಲಿಯೇ ಇಳಿಸಿಕೊಂಡು, ಅಲ್ಲಿಯ ಕೆಂಪು ರಾಶಿಗಳ ನಡುವೆ ನಿಂತು ಬೆಳಕಿನ ವಿಚಾರವನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕೆಂದಿದ್ದೇನೆ.

ಕಳೆದ ಸುಗ್ಗಿಯಲ್ಲಿ ವರ್ಷದ ಖಾರಕ್ಕೆಂದು ಮೆಣಸಿನಕಾಯಿ ಕೊಳ್ಳಲು ಅಲ್ಲಿಗೆ ಹೋಗಿದ್ದೆ. ಒಂದು ದಲಾಲಿ ಅಂಗಡಿಯ ಮುಂದೆ ವಯಸ್ಸಾದ ರೈತನೊಬ್ಬನು ತನ್ನ ಚೀಲಗಳ ಬಳಿ ನಿಂತಿದ್ದನು. ಖರೀದಿದಾರನು ಚೀಲದೊಳಕ್ಕೆ ಕೈಯಿಳಿಸಿ, ಒಂದು ಹಿಡಿ ಕಾಯನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿ, "ಬಣ್ಣ ಹೋಗೇತಿ ಗೌಡ್ರ, ಬಿಸಿಲು ಭಾಳ ತಿಂದೈತಿ" ಎಂದನು. ಅದಕ್ಕೆ ರೈತನು, "ಬಿಸಿಲಿಗೆ ಹಾಕದ ಒಣಗಸೂದು ಹ್ಯಾಂಗ್ರೀ ಸಾವ್ಕಾರ್ರ?" ಎಂದು ಕೇಳಿದನು. ಉತ್ತರ ಬರಲಿಲ್ಲ. ಕೂಲಿಯಾಳು ಸಿಕ್ಕದೆ ಕಾಯಿಯು ಬೇಕಾದುದಕ್ಕಿಂತ ಹೆಚ್ಚು ದಿನ ಕಣದಲ್ಲಿಯೇ ಉಳಿಯಿತೆಂದು ಆತನು ಆಮೇಲೆ ನನಗೆ ಹೇಳಿದನು.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಅದರ ಕೀರ್ತಿಯೂ ಬೆಲೆಯೂ ಆ ಕಡುಗೆಂಪನ್ನೇ ನಂಬಿಕೊಂಡಿರುವುವು. ಬಣ್ಣ ಮಾಸಿತೆಂದರೆ ವರ್ಷದ ದುಡಿಮೆಯಲ್ಲಿ ಒಂದು ಪಾಲು ಮಾಸಿದಂತೆಯೇ. ಆದ ಕಾರಣ ಆ ಮುದುಕನ ಪ್ರಶ್ನೆಯು ಹಗುರವಾದುದಲ್ಲ. ಒಣಗಿಸುವುದೂ ಬಿಸಿಲೇ, ಬಣ್ಣ ಕದಿಯುವುದೂ ಬಿಸಿಲೇ ಆದರೆ ರೈತನು ಮಾಡುವುದೇನು?

ಇದನ್ನು ಬಿಡಿಸಬೇಕಾದರೆ ಬಿಸಿಲೆಂಬುದು ಒಂದೇ ವಸ್ತುವಲ್ಲವೆಂದು ಮೊದಲು ತಿಳಿಯಬೇಕು. ಮಳೆಬಿಲ್ಲನ್ನು ಕಂಡವರೆಲ್ಲರೂ ಬಿಳಿಯ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಬಣ್ಣಗಳು ಅಡಗಿರುವುದನ್ನು ಬಲ್ಲರು. ರಾಣೆಬೆನ್ನೂರಿನ ಪೇಟೆಗೆ ಬರುವ ಹತ್ತಿಯು ಆ ಬಣ್ಣಗಳನ್ನೆಲ್ಲ ಹೆಚ್ಚು ಕಡಿಮೆ ಸಮನಾಗಿ ಹಿಂದಿರುಗಿಸುವುದರಿಂದ ಬೆಳ್ಳಗೆ ತೋರುವುದು. ಆ ಹತ್ತಿಯನ್ನು ಹೆತ್ತ ಎರೆಯ ನೆಲವು ಎಲ್ಲವನ್ನೂ ಬಹುಮಟ್ಟಿಗೆ ನುಂಗುವುದರಿಂದ ಕಪ್ಪಗೆ ತೋರುವುದು. ಮೆಣಸಿನಕಾಯಿಯಾದರೋ ಕ್ಯಾಪ್ಸಾಂಥಿನ್ ಮೊದಲಾದ ಬಣ್ಣದ ದ್ರವ್ಯಗಳಿಂದ ನೀಲಿ ಹಸಿರುಗಳನ್ನು ನುಂಗಿ, ಕೆಂಪನ್ನು ಮಾತ್ರ ನಮ್ಮ ಕಣ್ಣಿಗೆ ಕಳುಹುವುದು.

ಕಣ್ಣಿಗೆ ಕಾಣುವ ಬಣ್ಣಗಳಿಗೇ ಬಿಸಿಲು ಮುಗಿಯಲಿಲ್ಲ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಪಟ್ಟಕದಿಂದ ಸೂರ್ಯನ ಬೆಳಕನ್ನು ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನ ಆಚೆಗೆ, ಬೆಳಕೇ ಕಾಣದ ಜಾಗದಲ್ಲಿಟ್ಟ ಉಷ್ಣಮಾಪಕದಲ್ಲಿಯೂ ಪಾದರಸ ಏರಿತು! ಇವೇ ಅವಗೆಂಪು ಕಿರಣಗಳು. ಮರುವರ್ಷವೇ ಜರ್ಮನಿಯ ರಿಟರ್ ಎಂಬಾತನು ನೇರಳೆಯ ಆಚೆಗೆ ಬೆಳ್ಳಿಯ ಲವಣವನ್ನಿಡಲು, ಅದು ಬೇಗನೆ ಕಪ್ಪಾಯಿತು. ಇವು ಅತಿನೇರಳೆ ಕಿರಣಗಳು. ಹೀಗೆ ಕಾಣುವ ಬೆಳಕಿನ ಎರಡು ಮಗ್ಗುಲಲ್ಲಿಯೂ ಕಾಣದ ಬೆಳಕು ಇರುವುದು ಗೊತ್ತಾಯಿತು.

ಇವೆಲ್ಲವೂ ಒಂದೇ ಕುಲದವೆಂದು ಗಣಿತದಿಂದ ತೋರಿಸಿಕೊಟ್ಟವನು ಮ್ಯಾಕ್ಸ್‌ವೆಲ್. ವಿದ್ಯುತ್ತೂ ಕಾಂತಶಕ್ತಿಯೂ ಒಂದನ್ನೊಂದು ಎಬ್ಬಿಸುತ್ತ ಅಲೆಯಾಗಿ ಸಾಗುವುವೆಂದೂ, ಆ ಅಲೆಯ ವೇಗವು ಬೆಳಕಿನ ವೇಗವೇ ಆಗಿರುವುದರಿಂದ ಬೆಳಕೂ ಅಂಥದೇ ಅಲೆಯೆಂದೂ ಆತನು 1865ರಲ್ಲಿ ಪ್ರಕಟಿಸಿದನು. ಆ ವೇಗವು ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, ಸುಮಾರು 3 ಲಕ್ಷ ಕಿಲೊಮೀಟರು. ಇಷ್ಟು ವೇಗವಿದ್ದರೂ ಸೂರ್ಯನಿಂದ ಬ್ಯಾಡಗಿಯ ಕಣಕ್ಕೆ ಬರಲು ಬೆಳಕಿಗೆ 8 ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಬೇಕು.

ಈ ಕುಲದ ಮಕ್ಕಳೊಳಗಿನ ಭೇದವೆಲ್ಲ ಅಲೆಯ ಉದ್ದದಲ್ಲಿರುವುದು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಬಹುಕಾಲ ನಮ್ಮ ಮನೆಗಳಿಗೆ ಹಾಡನ್ನು ಹೊತ್ತು ತಂದ ಅಲೆಯ ಉದ್ದ ಸುಮಾರು 392 ಮೀಟರು. ಮೊಬೈಲ್ ಫೋನಿನ ಅಲೆಯು ಗೇಣಿನ ಆಸುಪಾಸಿನದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯನ್ನು ಅಳೆಯಲು ನ್ಯಾನೊಮೀಟರು ಬೇಕು; ಅದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕೆಂಪು ಸುಮಾರು 700, ನೇರಳೆ ಸುಮಾರು 400 ನ್ಯಾನೊಮೀಟರು. ಅತಿನೇರಳೆ ಅದಕ್ಕಿಂತ ಗಿಡ್ಡ. ಎಲುಬು ಮುರಿದಾಗ ದವಾಖಾನೆಯಲ್ಲಿ ಹಾಯಿಸುವ ಕ್ಷ-ಕಿರಣ ಇನ್ನೂ ಗಿಡ್ಡ. ಪರಮಾಣುವಿನ ಬೀಜದಿಂದ ಹೊರಡುವ ಗ್ಯಾಮಾ ಕಿರಣವು ಎಲ್ಲಕ್ಕೂ ಗಿಡ್ಡ. ಈ ಕಿರಣದಿಂದ ಮಸಾಲೆ ಪದಾರ್ಥಗಳೊಳಗಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಾರ್ಖಾನೆಯೊಂದು ನವಿ ಮುಂಬಯಿಯ ವಾಶಿಯಲ್ಲಿ 2000ದಲ್ಲಿ ಆರಂಭವಾಯಿತು.

ಅಲೆಯು ಗಿಡ್ಡವಾದಷ್ಟೂ ಅದರ ಪೆಟ್ಟು ಬಲವಾಗಿರುವುದು. ಸೋನೆಮಳೆ ವಾರವೆಲ್ಲ ಹಿಡಿದರೂ ಮನೆಯ ಹಂಚು ಒಡೆಯದು. ಆಲಿಕಲ್ಲು ಒಂದು ಗಳಿಗೆ ಬಿದ್ದರೆ ಒಡೆದೀತು. ಎರಡೂ ನೀರೇ, ಆದರೆ ಒಂದೊಂದು ಹನಿಯ ಬಲ ಬೇರೆ. ಹಾಗೆಯೇ ಅವಗೆಂಪು ಕಿರಣವು ಕಾಯನ್ನು ಬೆಚ್ಚಗೆ ಮಾಡಿ ತೇವವನ್ನು ಹೊರಡಿಸುವುದೇ ಹೊರತು ಬಣ್ಣದ ಅಣುವನ್ನು ಒಡೆಯಲಾರದು. ಅತಿನೇರಳೆಯೂ ನೀಲಿಯೂ ಆಲಿಕಲ್ಲಿನಂತೆ ಬಂದು ಆ ಅಣುವಿಗೇ ಪೆಟ್ಟು ಕೊಡುವುವು; ಗಾಳಿಯೊಳಗಿನ ಆಮ್ಲಜನಕವು ಉಳಿದ ಕೆಲಸವನ್ನು ಮಾಡುವುದು. ಯಾವ ನೀಲಿಯನ್ನು ನುಂಗಿ ಮೆಣಸಿನಕಾಯಿಯು ಕೆಂಪಾಗಿ ಮೆರೆಯುವುದೋ ಆ ನೀಲಿಯೇ ಅದನ್ನು ದಿನದಿನಕ್ಕೆ ಸವೆಸುವುದು. ನೆಲಕ್ಕೆ ಮುಟ್ಟುವ ಸೂರ್ಯಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಅವಗೆಂಪಿನದೇ ಆಗಿದೆ. ಅತಿನೇರಳೆಯದು ಬಹು ಸಣ್ಣ ಪಾಲು. ಕಳ್ಳರು ಕೆಲವರೇ, ಕಳವು ಮಾತ್ರ ದೊಡ್ಡದು.

ಈಗ ರೈತನ ಪ್ರಶ್ನೆಗೆ ಉತ್ತರ ಹೇಳಬಹುದು. ಕಾಯಿಗೆ ಬೇಕಾದುದು ಬಿಸಿಲಿನ ಶಾಖವೇ ಹೊರತು ಅದರ ಬೆಳಕಲ್ಲ. ಸೌರ ಒಣಗೂಡುಗಳಲ್ಲಿ ಕೆಲವನ್ನು ಈ ತತ್ತ್ವದ ಮೇಲೆಯೇ ಕಟ್ಟಿರುವರು: ಬಿಸಿಲು ಬೀಳುವುದು ಒಂದು ಕಪ್ಪು ತಗಡಿನ ಮೇಲೆ, ಅದರಿಂದ ಕಾದ ಗಾಳಿಯು ಹಾಯುವುದು ಮರೆಯಲ್ಲಿರುವ ಕಾಯಿಯ ಮೇಲೆ. ಕಾವು ಮಿತಿಮೀರಬಾರದು, ಅತಿಯಾದ ಶಾಖವೂ ಬಣ್ಣಕ್ಕೆ ಶತ್ರುವೇ. ಗೂಡಿಲ್ಲದವರು ಕಾಯನ್ನು ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ, ಒಣಗಿದೊಡನೆ ಕಣದಿಂದ ಎತ್ತಬೇಕು. ಒಣಗಿದ ಮೇಲೆ ಬೀಳುವ ಒಂದೊಂದು ದಿನದ ಬಿಸಿಲೂ ಬರಿಯ ನಷ್ಟ. ಬ್ಯಾಡಗಿಯ ವ್ಯಾಪಾರಿಗಳು ಮಾಲನ್ನು ಕೋಲ್ಡ್ ಸ್ಟೋರೇಜಿನ ಕತ್ತಲಲ್ಲಿಯೂ ತಂಪಿನಲ್ಲಿಯೂ ಇಡುವುದರ ಮರ್ಮವೂ ಇದೇ.

ಕೆಂಪನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಬಗೆಯೂ ಚಮತ್ಕಾರವಾದುದು. ಪುಡಿಯ ಬಣ್ಣವನ್ನು ಅಸಿಟೋನ್ ಎಂಬ ದ್ರವದಲ್ಲಿ ಇಳಿಸಿ, ಅದರ ಮೂಲಕ 460 ನ್ಯಾನೊಮೀಟರಿನ ಬೆಳಕನ್ನು ಹಾಯಿಸುವರು. ಇದು ಕೆಂಪು ಬೆಳಕಲ್ಲ, ನೀಲಿ! ಎಷ್ಟು ನೀಲಿಯನ್ನು ದ್ರವವು ನುಂಗಿತೋ ಅಷ್ಟು ಬಣ್ಣ ಅದರಲ್ಲಿದೆಯೆಂದು ಲೆಕ್ಕ. ಖರೀದಿದಾರನ ಕಣ್ಣು ಅಂದಾಜಿನಿಂದ ಹೇಳಿದುದನ್ನು ಆ ಯಂತ್ರವು ಅಂಕೆಯಲ್ಲಿ ಹೇಳುವುದು.

ಇನ್ನು ಗೃಹಿಣಿಯರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಅಂದವಾಗಿ ಕಾಣಲೆಂದು ಖಾರಪುಡಿಯನ್ನು ಗಾಜಿನ ಸೀಸೆಯಲ್ಲಿ ತುಂಬಿ ಕಿಟಕಿಯ ಬಳಿ ಇಟ್ಟಿದ್ದೆವು. ಕೆಲವು ತಿಂಗಳಲ್ಲಿ ಕಿಟಕಿಯ ಮಗ್ಗುಲಿನ ಪುಡಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು; ಒಳಮಗ್ಗುಲು ಕೆಂಪಾಗಿಯೇ ಇತ್ತು. ಗಾಜು ಅತಿನೇರಳೆಯಲ್ಲಿ ಗಿಡ್ಡ ಅಲೆಗಳನ್ನು ತಡೆಯುವುದಾದರೂ ನೀಲಿಯನ್ನು ತಡೆಯದು. ಅಜ್ಜಿಯು ಖಾರವನ್ನು ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕತ್ತಲ ಕೋಣೆಯಲ್ಲಿ ಇಡುತ್ತಿದ್ದಳು. ಆಕೆ ರಿಟರನ ಹೆಸರನ್ನು ಕೇಳಿದವಳಲ್ಲ. ಆದರೂ ಆಕೆಯ ಖಾರ ಮುಂದಿನ ಸುಗ್ಗಿಯವರೆಗೆ ಕೆಂಪಾಗಿರುತ್ತಿತ್ತು.

ಆ ಮುದುಕನ ಚೀಲಗಳು ಅಂದು ಕಡಿಮೆ ಬೆಲೆಗೇ ಹೋದವು. ಅವುಗಳಲ್ಲಿ ಒಂದಿಷ್ಟನ್ನು ನಾನೂ ಕೊಂಡೆನು. ಸಾರಿಗೆ ಬಣ್ಣ ತುಸು ಕಡಿಮೆಯಾದರೂ ರುಚಿಗೆ ಕೊರತೆಯಾಗಲಿಲ್ಲ. ಬರುವ ಸುಗ್ಗಿಯಲ್ಲಿ ಆತನ ಕಾಯಿ ಒಣಗಿದ ದಿನವೇ ಕಣದಿಂದ ಏಳಲಿ, ಅದಕ್ಕೆ ಬೇಕಾದ ನಾಲ್ಕು ಆಳುಗಳು ಆತನಿಗೆ ಸಿಕ್ಕಲಿ.